ಬೆಳಕಿನ ಬಲ, ಬೆಳಕಿನ ಹೊತ್ತು: ಮೊಬೈಲ್ ಪರದೆಯ ಮಿಣುಕಿನ ಬಗ್ಗೆ ಒಂದು ಸಂಶೋಧನಾ ಟಿಪ್ಪಣಿ

1. ಪ್ರಶ್ನೆ

ಮೊಬೈಲಿನ ಬ್ರೈಟ್‌ನೆಸ್ ಇಳಿಸಿದರೆ ಕಣ್ಣಿಗೆ ಹಿತವಾಗಬೇಕು. ಆದರೆ ರಾತ್ರಿ ಕೋಣೆಯ ದೀಪ ಆರಿಸಿ, ಸ್ಲೈಡರನ್ನು ಪೂರ್ತಿ ಕೆಳಕ್ಕೆ ಎಳೆದು ಓದುವವರಲ್ಲಿ ಕೆಲವರಿಗೆ ಕಣ್ಣು ಉರಿಯುವುದು, ಹಣೆ ಹಿಡಿದುಕೊಳ್ಳುವುದು ಆಗಲೇ ಹೆಚ್ಚು. ಬೆಳಕು ಕಡಿಮೆಯಾದಂತೆ ತೊಂದರೆ ಏಕೆ ಹೆಚ್ಚಬೇಕು? ಈ ಟಿಪ್ಪಣಿಯ ಪ್ರಶ್ನೆ ಇಷ್ಟೇ. ಪಶ್ಚಿಮ ಬೆಂಗಳೂರಿನ ಕುರುಬರಹಳ್ಳಿಯ ಸಾಧಾರಣ ಮನೆಯಲ್ಲಿ ಸಿಗುವ ಸಾಮಾನುಗಳಿಂದಲೇ ಇದನ್ನು ಎಷ್ಟರಮಟ್ಟಿಗೆ ಪರೀಕ್ಷಿಸಬಹುದು, ಎಷ್ಟರಮಟ್ಟಿಗೆ ಸರಿಪಡಿಸಬಹುದು ಎಂಬುದನ್ನೂ ಜೊತೆಗೆ ನೋಡಿದೆ.

ರಿಪೇರಿ ಅಂಗಡಿಗೆ ಹೋದರೆ ಎಲ್ಲ ದೂರುಗಳೂ ‘ಡಿಸ್‌ಪ್ಲೇ ಫ್ಲಿಕರ್ ಆಗ್ತಿದೆ’ ಎಂಬ ಒಂದೇ ಮಾತಿನಲ್ಲಿ ಬರುತ್ತವೆ. ಆದರೆ ಅದರಡಿ ಮೂರು ಬೇರೆ ಬೇರೆ ಸಂಗತಿಗಳಿವೆ. ಒಂದು, ಕನೆಕ್ಟರ್ ಸಡಿಲವಾಗಿಯೋ ಕಾಂಬೊ (ಗಾಜು, ಟಚ್, ಡಿಸ್‌ಪ್ಲೇ ಒಂದಾಗಿ ಕೂಡಿದ ಬಿಡಿಭಾಗ) ಕೆಟ್ಟೋ ಪರದೆ ಆಗಾಗ ಹೊಡೆದುಕೊಳ್ಳುವುದು. ಇದು ಬಿಡಿಭಾಗದ ದೋಷ, ಇಲ್ಲಿನ ವಿಷಯವಲ್ಲ. ಎರಡು, ಬ್ರೈಟ್‌ನೆಸ್ ಬದಲಾಗುವ ಗಳಿಗೆಯಲ್ಲಿ ಬೆಳಕು ನುಣ್ಣಗೆ ಸರಿಯದೆ ಥಟ್ಟನೆ ಜಿಗಿಯುವುದು. ಮೂರು, ಬ್ರೈಟ್‌ನೆಸ್ ಒಂದೇ ಮಟ್ಟದಲ್ಲಿ ನಿಂತಿದ್ದರೂ ಪರದೆ ಸೆಕೆಂಡಿಗೆ ನೂರಾರು ಸಲ ಹತ್ತಿ ಆರುತ್ತಿರುವುದು. ಕೊನೆಯದು ಕಣ್ಣಿಗೆ ನೇರವಾಗಿ ಕಾಣುವುದಿಲ್ಲ. ಹಾಗಾಗಿಯೇ ಅದರ ಬಗ್ಗೆ ಗೊಂದಲ ಹೆಚ್ಚು.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಕನ್ನು ಎರಡು ಬಗೆಯಲ್ಲಿ ಕಡಿಮೆ ಮಾಡಬಹುದು: ಅದರ ಬಲ ಇಳಿಸಿ, ಇಲ್ಲವೇ ಅದು ಉರಿಯುವ ಹೊತ್ತು ಇಳಿಸಿ. ಮೊಬೈಲಿನ ಒಂದೇ ಸ್ಲೈಡರಿನ ಹಿಂದೆ ಈ ಎರಡೂ ಬಗೆಗಳು ಅಡಗಿವೆ. ಬಳಕೆದಾರನಿಗೆ ತಿಳಿಯದಂತೆ ಒಂದರಿಂದ ಇನ್ನೊಂದಕ್ಕೆ ಜಾರುವುದೇ ತೊಂದರೆಯ ಮೂಲ. ಎರಡನ್ನೂ ಬೇರ್ಪಡಿಸುವುದೇ ಪರಿಹಾರದ ದಾರಿ.

2. ಹಿನ್ನೆಲೆ: 25ರಿಂದ 240ಕ್ಕೆ

ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದೇ ಮಿಣುಕಿನೊಂದಿಗೆ. ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಕರೆಂಟು ಹರಿಯಿತು. 1905ರ ಆಗಸ್ಟ್ 5ರಂದು ಅದೇ ಕರೆಂಟಿನಿಂದ ಬೆಂಗಳೂರಿನಲ್ಲಿ ದೀಪ ಬೆಳಗಿತು. ಗಣಿಗಾಗಿ ಕಟ್ಟಿದ ಆ ವ್ಯವಸ್ಥೆಯ ಆವರ್ತನ 25 ಹರ್ಟ್ಸ್. ದೊಡ್ಡ ಮೋಟಾರುಗಳಿಗೆ ಅದು ಒಗ್ಗುತ್ತಿತ್ತು. ದೀಪಕ್ಕೆ ಅಷ್ಟಾಗಿ ಒಗ್ಗುವಂಥದಲ್ಲ. ಪರ್ಯಾಯ ವಿದ್ಯುತ್ತಿನ ಒಂದೊಂದು ಆವರ್ತದಲ್ಲೂ ಬೆಳಕು ಎರಡು ಸಲ ಏರಿಳಿಯುತ್ತದೆ. ಎಂದರೆ ಆ ದೀಪಗಳು ಸೆಕೆಂಡಿಗೆ 50 ಸಲ ತುಯ್ಯುತ್ತಿದ್ದವು. ತಂತಿ ಬಿಸಿ ಹಿಡಿದಿಟ್ಟುಕೊಳ್ಳುವುದರಿಂದ ನಡುವೆ ಪೂರ್ತಿ ಆರುತ್ತಿರಲಿಲ್ಲ, ಅಷ್ಟೇ.

ಮುಂದೆ 50 ಹರ್ಟ್ಸ್ ವ್ಯವಸ್ಥೆ ಬಂದು ಈ ತುಯ್ತ 100ಕ್ಕೇರಿತು. ಸ್ಟಾರ್ಟರ್ ಮತ್ತು ತಾಮ್ರದ ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಇವತ್ತಿಗೂ ಸೆಕೆಂಡಿಗೆ 100 ಸಲವೇ ಏರಿಳಿಯುತ್ತದೆ. ಸಿನಿಮಾದವರೂ ಇದೇ ದಾರಿ ಹಿಡಿದರು. ರಾಜಾಜಿನಗರದ ನವರಂಗ್‌ನಂಥ ಚಿತ್ರಮಂದಿರಗಳಲ್ಲಿ ರೀಲು ಓಡುತ್ತಿದ್ದ ಕಾಲದಲ್ಲಿ ಸೆಕೆಂಡಿಗೆ 24 ಚಿತ್ರಗಳು. ಅಷ್ಟೇ ಸಲ ಬೆಳಕು ಬಿದ್ದರೆ ಕಣ್ಣು ಸಹಿಸುವುದಿಲ್ಲವೆಂದು, ಎರಡು ರೆಕ್ಕೆಯ ಶಟರ್ ತಿರುಗಿಸಿ ಒಂದೊಂದು ಚಿತ್ರವನ್ನೂ ಎರಡೆರಡು ಸಲ ತೋರಿಸಿ 48 ಮಾಡುವುದು ಪ್ರೊಜೆಕ್ಟರಿನ ರೂಢಿ. ಪಿಕ್ಚರ್ ಟ್ಯೂಬ್ ಟೀವಿಯಲ್ಲಿ ಸೆಕೆಂಡಿನ 25 ಚಿತ್ರಗಳನ್ನು ಅರ್ಧರ್ಧ ಗೆರೆಗಳಾಗಿ ಬಿಡಿಸಿ 50 ಸಲ ಬರೆಯುತ್ತಿದ್ದರು. ಇಲ್ಲೆಲ್ಲ ಮದ್ದು ಒಂದೇ: ಮಿಣುಕನ್ನು ತೆಗೆಯಲಾಗದಿದ್ದರೆ ಅದರ ವೇಗ ಹೆಚ್ಚಿಸು.

ಈ ಲೆಕ್ಕದಲ್ಲಿ ಸೆಕೆಂಡಿಗೆ 240 ಸಲ ಹತ್ತಿ ಆರುವ ಓಎಲ್‌ಇಡಿ (ಒಂದೊಂದು ಪಿಕ್ಸೆಲ್ಲೂ ತಾನೇ ಬೆಳಗುವ ಪರದೆಯ) ಮೊಬೈಲು ಹಳೆಯ ಟ್ಯೂಬ್‌ಲೈಟಿಗಿಂತ ಸುಮಾರು ಎರಡೂವರೆ ಪಟ್ಟು ಒಳ್ಳೆಯದಿರಬೇಕು. ಹಾಗಲ್ಲ. ವೇಗದ ಜೊತೆಗೆ ಏರಿಳಿತದ ಆಳವನ್ನೂ ನೋಡಬೇಕು. ತಂತಿ ಬಲ್ಬು ಕೊಂಚ ಮಾತ್ರ ಮಂಕಾಗಿ ಮತ್ತೆ ಏರುತ್ತದೆ. ಟ್ಯೂಬ್‌ಲೈಟ್ ಅದಕ್ಕಿಂತ ಆಳಕ್ಕೆ ಇಳಿಯುತ್ತದಾದರೂ ಒಳಬಳಿದ ಫಾಸ್ಫರ್ ಲೇಪದ ಹೊಳಪು ಒಂದಷ್ಟು ಉಳಿದಿರುತ್ತದೆ. ಮೊಬೈಲಿನ ಪಿಕ್ಸೆಲ್ ಹಾಗಲ್ಲ, ಆರಿದರೆ ಆರಿತು.

3. ಸ್ಲೈಡರಿನ ಹಿಂದೆ ನಡೆಯುವುದು

ಇದನ್ನು ತಿಳಿಯಲು ಸೀಲಿಂಗ್ ಫ್ಯಾನಿನ ರೆಗ್ಯುಲೇಟರ್ ಸಾಕು. ಹಳೆಯ ಮನೆಗಳ ಗೋಡೆಯ ಮೇಲಿರುವ ದಪ್ಪ ಡಬ್ಬಿಯಂಥ ರೆಗ್ಯುಲೇಟರ್, ತಂತಿಸುರುಳಿಯ ಅಡ್ಡಿಯಿಂದ ಫ್ಯಾನಿಗೆ ಹೋಗುವ ವೋಲ್ಟೇಜ್ ತಗ್ಗಿಸುತ್ತದೆ, ತಾನು ಬಿಸಿಯಾಗುತ್ತದೆ. ಆಮೇಲೆ ಬಂದ ಸಣ್ಣ ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳಲ್ಲಿ ಹಲವು, ಕರೆಂಟಿನ ಅಲೆಯನ್ನೇ ತುಂಡರಿಸಿ ಒಂದಷ್ಟು ಹೊತ್ತು ಬಿಡುತ್ತವೆ, ಒಂದಷ್ಟು ಹೊತ್ತು ತಡೆಯುತ್ತವೆ. ಕಡಿಮೆ ವೇಗಕ್ಕಿಟ್ಟಾಗ ಫ್ಯಾನು ಗುಂಯ್ ಎನ್ನುವುದು ಈ ತುಂಡರಿಕೆಯಿಂದ. ಮೊದಲನೆಯದು ಬಲ ಇಳಿಸುವ ಬಗೆ, ಎರಡನೆಯದು ಹೊತ್ತು ಇಳಿಸುವ ಬಗೆ.

ಪರದೆಯಲ್ಲೂ ಹೀಗೆಯೇ. ಎಲ್‌ಇಡಿಗೆ ಹರಿಯುವ ಕರೆಂಟನ್ನೇ ಕಡಿಮೆ ಮಾಡಿದರೆ ಅದು ಡಿಸಿ ಡಿಮ್ಮಿಂಗ್. ಕರೆಂಟು ಅಷ್ಟೇ ಇದ್ದು, ಹತ್ತಿರುವ ಹೊತ್ತನ್ನು ಮಾತ್ರ ಕಡಿಮೆ ಮಾಡಿದರೆ ಪಲ್ಸ್ ವಿಡ್ತ್ ಮಾಡ್ಯುಲೇಷನ್, ಚಿಕ್ಕದಾಗಿ ಪಿಡಬ್ಲ್ಯೂಎಂ. 240 ಹರ್ಟ್ಸ್‌ನಲ್ಲಿ ಒಂದು ಸುತ್ತು 4.17 ಮಿಲಿಸೆಕೆಂಡ್. ಬೆಳಕನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಬೇಕಾದರೆ ಪಿಕ್ಸೆಲ್ 0.42 ಮಿಲಿಸೆಕೆಂಡ್ ಹತ್ತಿ, ಉಳಿದ 3.75 ಮಿಲಿಸೆಕೆಂಡ್ ಆರಿರುತ್ತದೆ. ಸಾಕಷ್ಟು ಬೇಗ ಹತ್ತಿ ಆರುವ ಬೆಳಕು ಕಣ್ಣಿಗೆ ಅದರ ಸರಾಸರಿಯಷ್ಟೇ ಕಾಣುತ್ತದೆ ಎನ್ನುತ್ತದೆ ಟಾಲ್ಬಟ್–ಪ್ಲಾಟೊ ನಿಯಮ. ಹಾಗಾಗಿ ನಮಗೆ ಕಾಣುವುದು ಮಂಕಾದ, ಆದರೆ ನಿಂತ ಬೆಳಕು.

ತಯಾರಕರು ಹೊತ್ತು ಇಳಿಸುವ ಬಗೆಯನ್ನು ಹಿಡಿದದ್ದು ಸುಮ್ಮನೆ ಅಲ್ಲ. ಓಎಲ್‌ಇಡಿಗೆ ತೀರಾ ಕಡಿಮೆ ಕರೆಂಟು ಕೊಟ್ಟರೆ ಅಕ್ಕಪಕ್ಕದ ಪಿಕ್ಸೆಲ್‌ಗಳು ಒಂದೇ ಸಮನೆ ಬೆಳಗುವುದಿಲ್ಲ. ಬೂದು ಹಿನ್ನೆಲೆಯಲ್ಲಿ ಕಲೆಕಲೆಯಾಗಿ ಕಾಣುತ್ತದೆ. ಬಣ್ಣ ಹಸಿರಿಗೋ ಗುಲಾಬಿಗೋ ವಾಲುತ್ತದೆ. ಪೂರ್ಣ ಕರೆಂಟಿನಲ್ಲಿ ಸ್ವಲ್ಪ ಹೊತ್ತು ಉರಿಸಿದರೆ ಬಣ್ಣ ಕೆಡುವುದಿಲ್ಲ. ಬಣ್ಣ ಉಳಿಸಿಕೊಳ್ಳಲು ತೆತ್ತ ಬೆಲೆಯೇ ಮಿಣುಕು. ಅನೇಕ ಪರದೆಗಳು ಮೇಲಿನ ಮಟ್ಟದಲ್ಲಿ ಬಲ ಇಳಿಸುತ್ತವೆ. ಒಂದು ಮಿತಿಯಿಂದ ಕೆಳಗೆ ಹೊತ್ತು ಇಳಿಸಲು ತೊಡಗುತ್ತವೆ. ಆ ಮಿತಿ ಎಲ್ಲಿದೆ ಎಂದು ಸ್ಲೈಡರಿನ ಮೇಲೆ ಬರೆದಿರುವುದಿಲ್ಲ.

4. ಕಣ್ಣಿನ ಲೆಕ್ಕ

ಮಿಣುಕಿನ ವೇಗ ಮತ್ತು ಆಳವನ್ನು ಒಟ್ಟಿಗೆ ತೂಗಿದ ದಾಖಲೆ ಎಂದರೆ ಎಂಜಿನಿಯರುಗಳ ಸಂಸ್ಥೆ ಐಇಇಇಯ ಮಾರ್ಗಸೂಚಿ 1789-2015. ಗರಿಷ್ಠ ಬೆಳಕಿನಿಂದ ಕನಿಷ್ಠವನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಬರುವ ಶೇಕಡಾವಾರು ಆಳದ ಅಳತೆ. 90ರಿಂದ 1250 ಹರ್ಟ್ಸ್‌ವರೆಗೆ ಈ ಶೇಕಡಾವಾರು, ಆವರ್ತನದ 0.08 ಪಟ್ಟನ್ನು ಮೀರದಿದ್ದರೆ ಅಪಾಯ ಕಡಿಮೆ ಎಂದು ಅದು ಎಣಿಸುತ್ತದೆ. ಟ್ಯೂಬ್‌ಲೈಟಿನ 100 ಹರ್ಟ್ಸ್‌ಗೆ ಇದು ಶೇ. 8, ಮೊಬೈಲಿನ 240 ಹರ್ಟ್ಸ್‌ಗೆ ಶೇ. 19.2. ಪೂರ್ತಿ ಆರಿ ಹತ್ತುವ ಪರದೆಯ ಆಳ ಶೇ. 100. ಎಂದರೆ ಮಿತಿಯ ಐದು ಪಟ್ಟಿಗೂ ಹೆಚ್ಚು. ಇಲ್ಲೊಂದು ಎಚ್ಚರ ಬೇಕು: ಈ ಮಾರ್ಗಸೂಚಿ ಬರೆದದ್ದು ಕೋಣೆ ಬೆಳಗುವ ಎಲ್‌ಇಡಿ ದೀಪಗಳಿಗೆ, ಕೈಯಗಲದ ಪರದೆಗಲ್ಲ. ಹೋಲಿಸಿ ನೋಡಲು ಇದು ಸರಿ. ಇದರ ಮೇಲೆ ತೀರ್ಪು ಕೊಡುವುದು ಸರಿಯಲ್ಲ.

ಕಾಣದ ಮಿಣುಕು ಕಾಡುತ್ತದೆ ಎನ್ನಲು ಆಧಾರ ಹಳೆಯದು. ಬ್ರಿಟನ್ನಿನ ಆರ್ನಾಲ್ಡ್ ವಿಲ್ಕಿನ್ಸ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಚೇರಿಯ ಚೋಕ್ ಟ್ಯೂಬ್‌ಲೈಟುಗಳ ಬದಲು ಅಧಿಕ ಆವರ್ತನದ ಎಲೆಕ್ಟ್ರಾನಿಕ್ ಚೋಕ್ ಅಳವಡಿಸಿದಾಗ ತಲೆನೋವು, ಕಣ್ಣುನೋವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಅಲ್ಲಿನ ಕರೆಂಟೂ ನಮ್ಮಂತೆ 50 ಹರ್ಟ್ಸ್. ಮುಂದೆ 2013ರಲ್ಲಿ ರಾಬರ್ಟ್ಸ್ ಮತ್ತು ವಿಲ್ಕಿನ್ಸ್, ಕಣ್ಣು ಹೊರಳುತ್ತಿರುವಾಗ 1000 ಹರ್ಟ್ಸ್‌ಗೂ ಮೀರಿದ ಮಿಣುಕು ಗೊತ್ತಾಗಬಲ್ಲದೆಂದು ತೋರಿಸಿದರು.

ನನ್ನ ಪ್ರಶ್ನೆಗೆ ಬೀಗದ ಕೈ ಇರುವುದು ಈ ‘ಹೊರಳುತ್ತಿರುವಾಗ’ ಎಂಬಲ್ಲಿ. ಬೆಳಕು ಕಡಿಮೆಯಾದಂತೆ ನಿಂತ ಕಣ್ಣಿನ ಮಿಣುಕು ಗುರುತಿಸುವ ಶಕ್ತಿಯೂ ಕುಗ್ಗುತ್ತದೆ. ಇದು ಫೆರಿ–ಪೋರ್ಟರ್ ನಿಯಮ. ಇದರಂತೆ ಮಂಕು ಪರದೆ ಹೆಚ್ಚು ಹಿತವಾಗಿರಬೇಕು. ಆದರೆ ಓದುವ ಕಣ್ಣು ನಿಂತಿರುವುದಿಲ್ಲ. ಅದು ಪದದಿಂದ ಪದಕ್ಕೆ, ಗೆರೆಯಿಂದ ಗೆರೆಗೆ ಜಿಗಿಯುತ್ತದೆ. ಒಂದು ಜಿಗಿತ ಸುಮಾರು 30 ಮಿಲಿಸೆಕೆಂಡ್ ಎಂದುಕೊಂಡರೆ, 240 ಹರ್ಟ್ಸ್ ಪರದೆ ಅಷ್ಟರಲ್ಲಿ ಏಳು ಸಲ ಹತ್ತಿ ಆರುತ್ತದೆ. ಒಂದೇ ಬಿಂದು ಅಕ್ಷಿಪಟಲದ ಮೇಲೆ ಸಾಲಾಗಿ ಏಳು ಕಡೆ ಬೀಳುತ್ತದೆ. ಹತ್ತಿರುವ ಹೊತ್ತು ಕಿರಿದಾದಷ್ಟೂ ಆ ಏಳು ಗುರುತುಗಳು ಬಿಡಿಬಿಡಿ. ಕೋಣೆ ಕತ್ತಲಾದಷ್ಟೂ ಅವು ಸ್ಫುಟ. ಬ್ರೈಟ್‌ನೆಸ್ ಇಳಿಸಿ ದೀಪ ಆರಿಸುವುದೆಂದರೆ ಈ ಎರಡನ್ನೂ ಒಟ್ಟಿಗೇ ಮಾಡಿದಂತೆ. ಬೆಳಕು ಕಡಿಮೆಯಾದಂತೆ ತೊಂದರೆ ಹೆಚ್ಚುವುದಕ್ಕೆ ಇದು ಒಪ್ಪಬಹುದಾದ ವಿವರಣೆ ಎಂದು ನನ್ನ ಎಣಿಕೆ.

ಇದನ್ನು ಅಪಸ್ಮಾರದೊಂದಿಗೆ ಬೆರೆಸಬಾರದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಕೆಂಪು–ನೀಲಿ ಮಿಂಚು ನೋಡಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದರು. ಆ ಮಿಂಚಿನ ವೇಗ ಸೆಕೆಂಡಿಗೆ ಸುಮಾರು 12. ಅಪಾಯದ ಆ ವಲಯ ಸರಿಸುಮಾರು 3ರಿಂದ 30 ಹರ್ಟ್ಸ್. ಮೊಬೈಲಿನ ಪಿಡಬ್ಲ್ಯೂಎಂ ಅದರಿಂದ ಬಲು ದೂರ.

5. ಮನೆಯಲ್ಲೇ ಅಳತೆ

ಮೊದಲ ಸಲಕರಣೆ ತೆಂಗಿನ ಕಡ್ಡಿ ಪೊರಕೆಯ ಒಂದು ಕಡ್ಡಿ. ಕತ್ತಲ ಕೋಣೆಯಲ್ಲಿ ಪರದೆಯ ಮೇಲೆ ಬಿಳಿ ಪುಟ ತೆರೆದು, ಅದರ ಮುಂದೆ ಕಡ್ಡಿಯನ್ನು ಬೀಸಣಿಗೆಯಂತೆ ಬೇಗ ಬೇಗ ಆಡಿಸಬೇಕು. ಬೆಳಕು ನಿಂತದ್ದಾದರೆ ಕಡ್ಡಿ ಒಂದೇ ಮಬ್ಬು ಪಟ್ಟಿಯಾಗಿ ಹರಡುತ್ತದೆ. ಮಿಣುಕುತ್ತಿದ್ದರೆ ಹತ್ತಾರು ಕಡ್ಡಿಗಳು ಹಲ್ಲು ಹಲ್ಲಾಗಿ ನಿಂತಂತೆ ಕಾಣುತ್ತವೆ. ಸ್ಲೈಡರನ್ನು ಮೇಲಿನಿಂದ ನಿಧಾನವಾಗಿ ಇಳಿಸುತ್ತ ಬಂದರೆ, ಬಲದಿಂದ ಹೊತ್ತಿಗೆ ಬದಲಾಗುವ ಪರದೆಗಳಲ್ಲಿ ಮಬ್ಬು ಒಡೆದು ಹಲ್ಲುಗಳಾಗುವ ಜಾಗ ತಿಳಿಯುತ್ತದೆ. ಅದೇ ಆ ಫೋನಿನ ಮಿತಿ.

ಈ ಪರೀಕ್ಷೆಗೆ ತನ್ನದೇ ಮಿತಿಯಿದೆ. ಕಡ್ಡಿಯ ತುದಿ ಸೆಕೆಂಡಿಗೆ 2 ಮೀಟರ್ ಚಲಿಸಿದರೆ, 240 ಹರ್ಟ್ಸ್‌ನಲ್ಲಿ ಹಲ್ಲುಗಳ ನಡುವೆ 8 ಮಿಲಿಮೀಟರ್ ಅಂತರ; 1920 ಹರ್ಟ್ಸ್‌ನಲ್ಲಿ 1 ಮಿಲಿಮೀಟರ್ ಮಾತ್ರ. ಕಡ್ಡಿಯ ದಪ್ಪವೇ ಅಷ್ಟಿರುವಾಗ ಹಲ್ಲುಗಳು ಕೂಡಿಕೊಳ್ಳುತ್ತವೆ. ಆದ್ದರಿಂದ ಹಲ್ಲು ಕಂಡರೆ ಮಿಣುಕು ಖಚಿತ. ಕಾಣದಿದ್ದರೆ ಮಿಣುಕಿಲ್ಲವೆಂದಲ್ಲ, ವೇಗವಾಗಿಯೂ ಇರಬಹುದು.

ಎರಡನೆಯ ಸಲಕರಣೆ ಇನ್ನೊಂದು ಮೊಬೈಲಿನ ಕ್ಯಾಮೆರಾ. ಅದು ಚಿತ್ರವನ್ನು ಒಂದೇ ಏಟಿಗೆ ಹಿಡಿಯದೆ ಸಾಲು ಸಾಲಾಗಿ ಓದುವುದರಿಂದ, ಪ್ರೊ ಮೋಡ್‌ನಲ್ಲಿ ಶಟರ್ ವೇಗವನ್ನು ಸೆಕೆಂಡಿನ 2000ನೇ ಒಂದು ಭಾಗಕ್ಕಿಟ್ಟರೆ ಮಿಣುಕುವ ಬೆಳಕು ಕಪ್ಪು ಪಟ್ಟಿಗಳಾಗಿ ಮೂಡುತ್ತದೆ. ಪಟ್ಟಿ ಎಣಿಸಿದರೆ ಸಾಲದು. ಚಿತ್ರವನ್ನು ಪೂರ್ತಿ ಓದಲು ಆ ಕ್ಯಾಮೆರಾಗೆ ಎಷ್ಟು ಹೊತ್ತು ಬೇಕೆಂದು ಗೊತ್ತಿರಬೇಕು. ಅದನ್ನು ಕಂಪನಿಗಳು ಹೇಳುವುದಿಲ್ಲ. ಇಲ್ಲಿ ನೆರವಿಗೆ ಬರುವುದು ಬೆಸ್ಕಾಂ ಕರೆಂಟು. ಸ್ಟಾರ್ಟರ್ ಇರುವ ಟ್ಯೂಬ್‌ಲೈಟ್ ಬೆಳಗಿದ ಬಿಳಿ ಗೋಡೆಯನ್ನು ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗಿನಲ್ಲಿ ಹಿಡಿದರೆ ಸಿಗುವ ಪಟ್ಟಿಗಳು 100 ಹರ್ಟ್ಸ್‌ನವು. ಗೋಡೆಯಲ್ಲಿ 2 ಪಟ್ಟಿ, ಪರದೆಯಲ್ಲಿ 5 ಪಟ್ಟಿ ಬಂದರೆ ಪರದೆಯದು ಸುಮಾರು 250. ಎಂದರೆ 240ರ ವರ್ಗದ್ದು. ಸ್ಟಾರ್ಟರ್ ಇಲ್ಲದ, ಎಲೆಕ್ಟ್ರಾನಿಕ್ ಚೋಕ್‌ನ ಟ್ಯೂಬ್ ಈ ಕೆಲಸಕ್ಕೆ ಬಾರದು.

ಈ ಅಳತೆಗೋಲನ್ನು ನಂಬಬಹುದೇ? 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ರಾಷ್ಟ್ರೀಯ ಗ್ರಿಡ್ಡಿಗೆ ಸೇರಿತು. ಆ ಗ್ರಿಡ್ಡಿನಲ್ಲಿ ಈಗ ಕಾಯ್ದುಕೊಳ್ಳಬೇಕಾದ ಆವರ್ತನದ ವ್ಯಾಪ್ತಿ 49.90ರಿಂದ 50.05 ಹರ್ಟ್ಸ್. ಕರೆಂಟಿನಿಂದ ಬರುವ ತಪ್ಪು ಶೇ. 0.2ರ ಆಸುಪಾಸು, ಅರ್ಧ ಪಟ್ಟಿ ಹೆಚ್ಚುಕಡಿಮೆ ಎಣಿಸುವುದರಿಂದ ಆಗುವ ತಪ್ಪು ಅದಕ್ಕಿಂತ ಎಷ್ಟೋ ದೊಡ್ಡದು.

ಒಂದು ತೊಡಕು ಮಾತ್ರ ಸೂಕ್ಷ್ಮವಾದದ್ದು. ಓಎಲ್‌ಇಡಿ ಪರದೆ ಇಡಿಯಾಗಿ ಒಮ್ಮೆಗೇ ಆರುವುದಿಲ್ಲ. ಕತ್ತಲ ಪಟ್ಟಿಗಳು ಮೇಲಿನಿಂದ ಕೆಳಕ್ಕೆ ಉರುಳುತ್ತ ಹೋಗುತ್ತವೆ. ಕ್ಯಾಮೆರಾ ಓದುವ ದಿಕ್ಕೂ ಅದೇ ಆದರೆ ಪಟ್ಟಿಗಳ ಲೆಕ್ಕ ತಪ್ಪುತ್ತದೆ. ಪರೀಕ್ಷಿಸುವ ಫೋನನ್ನು ಅಡ್ಡ ಮಲಗಿಸಿ, ಚಿತ್ರದ ಎತ್ತರವೆಲ್ಲ ಪರದೆಯೇ ತುಂಬುವಂತೆ, ಫೋಕಸ್ ಕೆಡದಂತೆ ಹಿಡಿಯಬೇಕು. ಆಗ ಪಟ್ಟಿಗಳು ಓರೆಯಾಗಿ ಬೀಳುತ್ತವೆ. ಕ್ಯಾಮೆರಾ ಓದುವ ದಿಕ್ಕಿನಲ್ಲಿ ಒಂದು ನೇರ ಗೆರೆಯ ಮೇಲೆ ಅವನ್ನು ಎಣಿಸಿದರೆ ಲೆಕ್ಕ ಕೂಡುತ್ತದೆ.

6. ಬದಲಾಗುವ ಗಳಿಗೆಯ ಜಿಗಿತ

ಇನ್ನು ಎರಡನೆಯ ಬಗೆಯ ಮಿಣುಕು. ಮಹಾಲಕ್ಷ್ಮಿ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಮೆಜೆಸ್ಟಿಕ್ ಕಡೆ ಹೊರಟರೆ, ಸಂಪಿಗೆ ರಸ್ತೆ ನಿಲ್ದಾಣ ದಾಟಿದ ಮೇಲೆ ರೈಲು ಬಿಸಿಲಿನಿಂದ ಸುರಂಗಕ್ಕಿಳಿಯುತ್ತದೆ. ಆಟೊ ಬ್ರೈಟ್‌ನೆಸ್ ಹಾಕಿದ ಫೋನುಗಳು ಅಲ್ಲಿ ಒಂದೊಂದಾಗಿ ಮಂಕಾಗುತ್ತವೆ. ಕೆಲವು ನುಣ್ಣಗೆ, ಕೆಲವು ಮೆಟ್ಟಿಲಿಳಿದಂತೆ.

ಮೆಟ್ಟಿಲಿಗೆ ಕಾರಣ ಅಂಕಗಣಿತ. ಬ್ರೈಟ್‌ನೆಸ್ಸಿಗೆ 0ಯಿಂದ 255ರವರೆಗೆ ಸಮ ಹಂತಗಳಿದ್ದರೆ, 200ರಿಂದ 201ಕ್ಕೆ ಹೋದಾಗ ಬೆಳಕು ಹೆಚ್ಚುವುದು ಶೇ. 0.5, ಯಾರಿಗೂ ತಿಳಿಯದು. 1ರಿಂದ 2ಕ್ಕೆ ಹೋದರೆ ಬೆಳಕು ಇಮ್ಮಡಿ, ಕಣ್ಣಿಗೆ ರಾಚುತ್ತದೆ. ಕಣ್ಣು ಗುರುತಿಸುವುದು ಅನುಪಾತವನ್ನು, ಸುಮಾರು ಶೇ. 1–2ರ ಬದಲಾವಣೆ ಅದರ ಅಂಚು. 2 ನಿಟ್‌ನಿಂದ 500 ನಿಟ್‌ವರೆಗೆ ಬೆಳಕು 250 ಪಟ್ಟು ಏರಬೇಕು (ನಿಟ್ ಎಂದರೆ ಪರದೆಯ ಬೆಳಕಿನ ಅಳತೆ). ಪ್ರತಿ ಹಂತಕ್ಕೂ ಶೇ. 2 ಏರಿಸಿದರೆ ಬೇಕಾಗುವುದು ಸುಮಾರು 280 ಹಂತಗಳು. 255ಕ್ಕೂ 280ಕ್ಕೂ ದೂರವೇನಿಲ್ಲ. ಕೊರತೆ ಇರುವುದು ಹಂತಗಳ ಸಂಖ್ಯೆಯಲ್ಲಲ್ಲ, ಹಂಚಿಕೆಯಲ್ಲಿ: ಮೇಲೆ ಬೇಡದಷ್ಟು, ಕೆಳಗೆ ಬೇಕಾದಷ್ಟಿಲ್ಲ. 2018ರ ಆಂಡ್ರಾಯ್ಡ್ 9ರಲ್ಲಿ ಸ್ಲೈಡರಿನ ಅಳತೆಯನ್ನು ಸಮ ಹಂತದಿಂದ ಲಾಗರಿದಮ್ ಬಗೆಗೆ ಬದಲಿಸಿದ್ದು ಕಣ್ಣಿನ ಈ ಲೆಕ್ಕಕ್ಕೆ ಹೊಂದಿಸಲೆಂದೇ.

ಮರದ ನೆರಳು, ಬಿಸಿಲು, ಮತ್ತೆ ನೆರಳು ಎಂದು ಸಾಗುವ ಬಸ್ಸಿನಲ್ಲಿ ಫೋನು ಒಂದೇ ಸಮ ತಡಕಾಡದಿರಲು ತಾಳ್ಮೆಯನ್ನೂ ಲೆಕ್ಕದಲ್ಲಿ ಸೇರಿಸಬೇಕು. ಆಂಡ್ರಾಯ್ಡ್‌ನ ಮೂಲ ಪ್ರೋಗ್ರಾಮಿನಲ್ಲಿ ಇದಕ್ಕೆ ಕೊಟ್ಟಿದ್ದ ಪೂರ್ವನಿಗದಿತ ಅಂಕಿಗಳು ಗಮನಾರ್ಹ: ಸುತ್ತಲ ಬೆಳಕು ಶೇ. 10 ಹೆಚ್ಚಾಗಿ 4 ಸೆಕೆಂಡ್ ನಿಂತರೆ ಪರದೆ ಬೆಳಗಲಿ, ಶೇ. 20 ಕಡಿಮೆಯಾಗಿ 8 ಸೆಕೆಂಡ್ ನಿಂತರೆ ಮಾತ್ರ ಮಂಕಾಗಲಿ. ಬಿಸಿಲಿಗೆ ಬಂದಾಗ ಪರದೆ ಕಾಣದಿದ್ದರೆ ಕೆಲಸ ಕೆಡುತ್ತದೆ. ನೆರಳಿಗೆ ಬಂದಾಗ ಕೊಂಚ ಹೆಚ್ಚು ಬೆಳಗಿದ್ದರೆ ನಷ್ಟವೇನಿಲ್ಲ. ಎರಡು ದಿಕ್ಕಿಗೂ ಬೇರೆ ಬೇರೆ ಅಂಚುಗಳಿಟ್ಟ ಈ ಏರ್ಪಾಟು ಜಿಗಿತವನ್ನು ತಡೆಯುವ ಅತಿ ಅಗ್ಗದ ಮದ್ದು.

7. ಪರಿಹಾರಗಳ ತೂಕ

ಮೊದಲನೆಯದು ಕಾಸು ಖರ್ಚಿಲ್ಲದ್ದು. ಕಡ್ಡಿ ಪರೀಕ್ಷೆಯಿಂದ ಮಿತಿ ಕಂಡುಕೊಂಡು, ಸ್ಲೈಡರನ್ನು ಅದಕ್ಕಿಂತ ಮೇಲೇ ನಿಲ್ಲಿಸಬೇಕು. ಇನ್ನೂ ಮಂಕು ಬೇಕಾದರೆ ಸಾಫ್ಟ್‌ವೇರ್ ಮೂಲಕ ಇಳಿಸಬೇಕು: ಆಂಡ್ರಾಯ್ಡ್ 12ರಿಂದ ಬಂದ ‘ಎಕ್ಸ್‌ಟ್ರಾ ಡಿಮ್’, ಐಫೋನಿನಲ್ಲಿ ‘ರೆಡ್ಯೂಸ್ ವೈಟ್ ಪಾಯಿಂಟ್’. ಇವು ಹೊತ್ತನ್ನು ಮುಟ್ಟದೆ, ಚಿತ್ರದ ಬಿಳಿಯನ್ನೇ ಬೂದಿಗೆ ಇಳಿಸುತ್ತವೆ. ಇದಕ್ಕೂ ಬೆಲೆಯಿದೆ. ಕತ್ತಲ ದೃಶ್ಯಗಳಲ್ಲಿ ಬಣ್ಣದ ಛಾಯೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎಲ್‌ಸಿಡಿಯಾದರೆ ಹಿಂಬದಿಯ ದೀಪ ಅಷ್ಟೇ ಉರಿಯುವುದರಿಂದ ಬ್ಯಾಟರಿ ಉಳಿಯುವುದಿಲ್ಲ. ಅಕ್ಷರ ಓದಲು ಇದು ಒಪ್ಪುತ್ತದೆ, ಸಿನಿಮಾ ನೋಡಲು ಅಷ್ಟಾಗಿ ಒಪ್ಪುವುದಿಲ್ಲ. ಎಲ್ಲ ಮಟ್ಟದಲ್ಲೂ ಮಿಣುಕುವ ಪರದೆಗಳೂ ಇವೆ. ಅವುಗಳಲ್ಲಿ ದಾಟಬೇಕಾದ ಮಿತಿಯೇ ಇಲ್ಲ. ಆದರೂ ಸ್ಲೈಡರ್ ಮೇಲಿದ್ದಷ್ಟೂ ಆರಿರುವ ಹೊತ್ತು ಕಿರಿದು.

ಎರಡನೆಯದು ಕೋಣೆಯ ಬೆಳಕು. ಕ್ಯಾಮೆರಾದಲ್ಲಿ ಪಟ್ಟಿ ಮೂಡಿಸದ ಒಂದು ಒಳ್ಳೆಯ ಎಲ್‌ಇಡಿ ದೀಪ ಹಚ್ಚಿಟ್ಟರೆ ಪರದೆಯನ್ನು ತಳಕ್ಕಿಳಿಸುವ ಅಗತ್ಯವೇ ಬೀಳುವುದಿಲ್ಲ. ನಾಲ್ಕನೆಯ ಭಾಗದ ವಿವರಣೆ ಸರಿಯಾದರೆ ಇದು ಎರಡು ಕಡೆಯಿಂದ ನೆರವಾಗಬೇಕು.

ಮೂರನೆಯದು ಫೋನಿನೊಳಗಿನ ಆಯ್ಕೆ. 2019ರಿಂದ ಹಲವು ಆಂಡ್ರಾಯ್ಡ್ ಕಂಪನಿಗಳು ‘ಡಿಸಿ ಡಿಮ್ಮಿಂಗ್’, ‘ಫ್ಲಿಕರ್ ರಿಡಕ್ಷನ್’ ಮುಂತಾದ ಹೆಸರಿನಲ್ಲಿ ಇದನ್ನು ಕೊಡುತ್ತಿವೆ. ಮಂಕು ಮಟ್ಟದಲ್ಲಿ ಬಣ್ಣ ಕೆಡಬಹುದು ಎಂಬುದು ಇದರ ಬೆಲೆ. ಡಿಸಿ ಬಗೆಯಲ್ಲೂ ಓಎಲ್‌ಇಡಿ ಪರದೆ ಚಿತ್ರ ಬದಲಿಸುವಾಗಲೆಲ್ಲ, ಸೆಕೆಂಡಿಗೆ 60 ಅಥವಾ 120 ಸಲ, ಕಿರಿದಾಗಿ ಮಂಕಾಗುತ್ತದೆ. ಮಿಣುಕು ಪೂರ್ತಿ ಹೋಗುವುದಿಲ್ಲ, ಅದರ ಆಳ ತಗ್ಗುತ್ತದೆ.

ನಾಲ್ಕನೆಯದು ಸಿನಿಮಾ ಕಾಲದ ಮದ್ದು, ವೇಗ ಹೆಚ್ಚಿಸುವುದು: 1920, 2160, 3840 ಹರ್ಟ್ಸ್‌ನ ಪರದೆಗಳು. ಐಇಇಇ ಲೆಕ್ಕದಲ್ಲಿ 1250 ದಾಟಿದರೆ ಅಪಾಯ ಕಡಿಮೆ. ಆಳ ಎಷ್ಟೇ ಇದ್ದರೂ ಪರಿಣಾಮವೇ ಇಲ್ಲವೆನ್ನಲು 3000 ದಾಟಬೇಕು. 1920 ಹರ್ಟ್ಸ್‌ನಲ್ಲಿ ಪರಿಣಾಮವಿಲ್ಲವೆನ್ನುವ ಆ ಕಟ್ಟುನಿಟ್ಟಿನ ಮಿತಿ ಶೇ. 64ರ ಆಳ. ಜಾಹೀರಾತಿನಲ್ಲಿ ವೇಗದ ಅಂಕಿ ಮಾತ್ರ ಇದ್ದು ಆಳದ ಅಂಕಿ ಇಲ್ಲದಿದ್ದರೆ ಅರ್ಧ ಮಾಹಿತಿ ಸಿಕ್ಕಂತೆ.

ಐದನೆಯದು ರಿಪೇರಿಗೆ ಸಂಬಂಧಿಸಿದ್ದು. ಒಡೆದ ಓಎಲ್‌ಇಡಿ ಬದಲಿಗೆ ಅಗ್ಗದ ‘ಇನ್‌ಸೆಲ್’ ಕಾಂಬೊ ಹಾಕಿಸುವುದು ಸಾಮಾನ್ಯ. ಅದು ಎಲ್‌ಸಿಡಿ, ಅದರ ಹಿಂಬದಿಯ ದೀಪ ಮಂಕಾಗುವ ಬಗೆಯೇ ಬೇರೆ. ಮಿಣುಕು ಕಡಿಮೆಯೂ ಆಗಬಹುದು, ಹೆಚ್ಚೂ ಆಗಬಹುದು. ಹಣ ಕೊಡುವ ಮುನ್ನ ಅಂಗಡಿಯಲ್ಲೇ ಸ್ಲೈಡರನ್ನು ತಳಕ್ಕಿಳಿಸಿ, ಇನ್ನೊಂದು ಫೋನಿನ ಕ್ಯಾಮೆರಾದಲ್ಲಿ ಪಟ್ಟಿ ನೋಡಿಕೊಳ್ಳುವುದು ಜಾಣತನ. ಒಂದು ನಿಮಿಷದ ಕೆಲಸ.

8. ಫಲಿತ

ಬ್ರೈಟ್‌ನೆಸ್ ಇಳಿಸಿದಾಗ ಬರುವ ತೊಂದರೆಗೆ ಬೆಳಕಿನ ಪ್ರಮಾಣವನ್ನು ಮಾತ್ರ ದೂರಿ ಫಲವಿಲ್ಲ. ಆ ಪ್ರಮಾಣವನ್ನು ತಲುಪಿದ ದಾರಿಯನ್ನು ನೋಡಬೇಕು. ಒಂದೇ 20 ನಿಟ್ ಬೆಳಕನ್ನು ಎರಡು ಫೋನುಗಳು ತೀರಾ ಬೇರೆ ಬಗೆಯಲ್ಲಿ ಕೊಡಬಲ್ಲವು. ಮೈಗ್ರೇನ್ ಇರುವವರು, ರಾತ್ರಿ ಹೆಚ್ಚು ಓದುವವರು ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಗರಿಷ್ಠ ಬ್ರೈಟ್‌ನೆಸ್ ಎಷ್ಟೆಂಬುದಲ್ಲ, ಕನಿಷ್ಠ ಬ್ರೈಟ್‌ನೆಸ್ಸಿನಲ್ಲಿ ಪರದೆ ಹೇಗೆ ವರ್ತಿಸುತ್ತದೆ ಎಂಬುದು.

ತಯಾರಕರಿಂದ ಕೇಳಬೇಕಾದದ್ದು ಮೂರು ಅಂಕಿಗಳು: ಮಿಣುಕಿನ ವೇಗ, ಅದರ ಆಳ, ಬಲದಿಂದ ಹೊತ್ತಿಗೆ ಬದಲಾಗುವ ಮಿತಿ. ಮೊದಲೆರಡನ್ನು ತಳದಲ್ಲಿ, ನಡುವಿನಲ್ಲಿ, ಗರಿಷ್ಠದಲ್ಲಿ ಎಂದು ಮೂರು ಮಟ್ಟದಲ್ಲೂ ಹೇಳಬೇಕು. ಇವು ಪೆಟ್ಟಿಗೆಯ ಮೇಲೆ ಅಚ್ಚಾಗುವವರೆಗೆ ಕಡ್ಡಿ, ಕ್ಯಾಮೆರಾ, ಸ್ಟಾರ್ಟರ್ ಇರುವ ಟ್ಯೂಬ್‌ಲೈಟ್ ಇಷ್ಟರಿಂದ ವೇಗ ಮತ್ತು ಮಿತಿಯನ್ನು ಒರಟಾಗಿಯಾದರೂ ಕಂಡುಕೊಳ್ಳಬಹುದು. ಆಳವನ್ನು ಹೀಗೆ ಅಳೆಯಲಾಗದು. ಅದಕ್ಕೆ ಬೆಳಕಿಗೆ ಥಟ್ಟನೆ ಸ್ಪಂದಿಸುವ ಫೋಟೊಡಯೋಡು, ಆಸಿಲೋಸ್ಕೋಪು ಬೇಕು. ಎಂಜಿನಿಯರಿಂಗ್ ಕಾಲೇಜುಗಳ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯಗಳಲ್ಲಿ ಎರಡೂ ಇರುತ್ತವೆ. ಮಾರುಕಟ್ಟೆಯಲ್ಲಿರುವ ಫೋನುಗಳನ್ನು ಮತ್ತು ರಿಪೇರಿ ಕಾಂಬೊಗಳನ್ನು ಈ ಮೂರು ಅಂಕಿಗಳ ಪಟ್ಟಿಗೆ ತರುವುದು ಅಂತಿಮ ವರ್ಷದ ವಿದ್ಯಾರ್ಥಿಗಳ ಕೈಗೆಟುಕುವ ಪ್ರಾಜೆಕ್ಟು.